ಚಿಕ್ಕಬಳ್ಳಾಪುರದ ಚಳಿಗೆ ಜೆರೇನಿಯಂ ಕುಂಡಗಳನ್ನು ಮನೆಯೊಳಗೆ ಇಡಬೇಕಾ?

ಬೇಡ. ಇದೇ ಊರಲ್ಲಿ, ಇದೇ ಡಿಸೆಂಬರ್ ಚಳಿಗೆ ಹೆದರಿ ಒಳಗಿಟ್ಟು ಎಲ್ಲವನ್ನೂ ಕಳೆದುಕೊಂಡವಳು ನಾನು.

ಯಾವುದೋ ಇಂಗ್ಲೆಂಡಿನ ವಿಡಿಯೋದಲ್ಲಿ ‘ಇದು ಚಳಿ ತಡೆಯದ ಗಿಡ, ಒಳಗೆ ತನ್ನಿ’ ಅಂದಿದ್ದರು. ಅವರ ಊರಿಗೆ ಅದು ಸರಿ. ಅಲ್ಲಿ ರಾತ್ರಿ ನೀರೇ ಹೆಪ್ಪುಗಟ್ಟುತ್ತದೆ, ಈ ಗಿಡದ ರಸ ತುಂಬಿದ ಕಾಂಡ ಉಳಿಯುವುದಿಲ್ಲ. ನಮ್ಮಲ್ಲಿ ಎಲ್ಲಿ ಹೆಪ್ಪುಗಟ್ಟುತ್ತದೆ? ನಂದಿ ಬೆಟ್ಟದ ಮಂಜು ಪ್ರವಾಸಿಗರ ಫೋಟೋಗೆ, ಅಷ್ಟೇ. ದಕ್ಷಿಣ ಆಫ್ರಿಕಾ ಕಡೆಯ ಗಿಡ ಇದು. ನಮ್ಮ ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣ ಬಿಸಿಲು, ತಣ್ಣನೆಯ ರಾತ್ರಿ ಅದಕ್ಕೆ ಹೇಳಿ ಮಾಡಿಸಿದ ಕಾಲ. ಆಗಲೇ ನಾನು ಅದನ್ನು ಹಾಲ್ ಮೂಲೆಗೆ ತಳ್ಳಿದ್ದೆ.

ಅದಕ್ಕಿಂತ ಕೆಟ್ಟದ್ದು ನೀರು. ಹೊರಗಿದ್ದಾಗ ಹಾಕುತ್ತಿದ್ದಂತೆಯೇ ದಿನಾ ಬೆಳಿಗ್ಗೆ ಒಂದು ಚೊಂಬು ಹಾಕಿದೆ. ಬಿಸಿಲಿಲ್ಲ, ಗಾಳಿಯಿಲ್ಲ, ಮಣ್ಣು ಆರಲೇ ಇಲ್ಲ. ಎಲೆ ಬಾಡಿತು. ನೀರು ಸಾಲದು ಅಂದುಕೊಂಡು ಇನ್ನೊಂದು ಚೊಂಬು! ಬೇರು ಕೊಳೆತಾಗಲೂ ಎಲೆ ಬಾಡುತ್ತದೆ, ಕೊಳೆತ ಬೇರು ನೀರು ಎಳೆಯುವುದಿಲ್ಲವಲ್ಲ. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ ನೀರು ನಿಲ್ಲಿಸಬೇಕು. ನಾನು ಎಲೆ ನೋಡಿದೆ, ಮಣ್ಣಿಗೆ ಬೆರಳು ಹಾಕಲಿಲ್ಲ. ಕಾಂಡ ಬುಡದಿಂದ ಕಪ್ಪಾಗುತ್ತಾ ಮೇಲೇರಿತು. ಒದ್ದೆ ಮಣ್ಣಲ್ಲಿ ಬೆಳೆಯುವ ಪಿಥಿಯಂ ಅನ್ನೋ ರೋಗಾಣುವಿನ ಕೆಲಸ ಅದು. ಆ ಹಂತದಲ್ಲಿ ಔಷಧಿಗೆ ಸುಮ್ನೆ ದುಡ್ಡು ಸುರಿಯಬೇಡಿ. ತುದಿ ಇನ್ನೂ ಹಸಿರಾಗಿದ್ದರೆ ಮೂರು ನಾಲ್ಕು ಇಂಚು ಕತ್ತರಿಸಿ. ಗಿಣ್ಣಿನ ಕೆಳಗೇ ಕತ್ತರಿಸಬೇಕು. ಗಾಯ ಒಣಗಲು ಅರ್ಧ ದಿನ ನೆರಳಲ್ಲಿ ಬಿಟ್ಟು, ಮರಳು ಜಾಸ್ತಿಯಿರುವ ಮಣ್ಣಿಗೆ ನೆಡಿ. ಗುಲಾಬಿ ಕಡ್ಡಿಗೆ ಮುಚ್ಚುವಂತೆ ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ಮತ್ತೆ ಕೊಳೆಯುತ್ತದೆ.

ಸೂರಿನ ಕೆಳಗೆ ತರಬೇಕಾದ್ದು ಮಳೆಗೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು ಅಲ್ವಾ? ಆಗ ಸಜ್ಜೆಯ ಕೆಳಗಿಡಿ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ನೆರಳು ಕೊಡಿ. ಆಗ ಹೂ ಕಡಿಮೆ ಬಿಡುತ್ತದೆ, ಗೊಬ್ಬರ ಸುರಿದರೂ ಅಷ್ಟೇ. ಕುಂಡ ಮಣ್ಣಿನದೇ ಇರಲಿ, ಬೇಗ ಆರುತ್ತದೆ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ನರ್ಸರಿಯಲ್ಲಿ ಹೂ ತುಂಬಿದ ರೀಗಲ್ ಜಾತಿಯ ಜೆರೇನಿಯಂ ಕಂಡರೆ ಆಸೆಪಡಬೇಡಿ. ಮೊಗ್ಗು ಕಟ್ಟಲು ಅದಕ್ಕೆ ವಾರಗಟ್ಟಲೆ ತಂಪು ಬೇಕು. ಎಲೆ ಮೇಲೆ ಕಂದು ಪಟ್ಟಿಯಿರುವ ಸಾದಾ ಝೋನಲ್ ಜಾತಿ ತಗೊಳ್ಳಿ, ನಮ್ಮ ಬಿಸಿಲಿಗೆ ಅದೇ ಗಟ್ಟಿ.