ಐರನ್ ಮೇಡನ್ ತಂಡದ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರ ಸ್ವಂತ ಆಲ್ಬಂ ‘ಬ್ರಿಟಿಷ್ ಲಯನ್’ ನಿರಾಸೆ ತಂದಿತು, ಬೇಸ್ ಹಿಂದೆ ಸರಿದಿದೆ, ಸದ್ದೂ ಮಂಕು. ಗಾಯಕರನ್ನೂ ಇಟ್ಟುಕೊಂಡು ಬೇಸ್ ಗಿಟಾರ್ ಮುಂದಿರುವ ಸ್ವಂತ ಆಲ್ಬಂ ಮಾಡಬೇಕೆಂದಿದ್ದೇನೆ; ಹ್ಯಾರಿಸ್, ಜಾನ್ ಎಂಟ್‌ವಿಸಲ್, ಗೀಜರ್ ಬಟ್ಲರ್, ಜಾನ್ ಪಾಲ್ ಜೋನ್ಸ್, ಈ ಬೇಸ್ ವಾದಕರಲ್ಲಿ ಯಾರನ್ನು ಮಾದರಿಯಾಗಿಟ್ಟುಕೊಳ್ಳಲಿ?

ಈ ದೂರನ್ನು ನಾನು ನಿಮಗಿಂತ ಬಹಳ ಮೊದಲೇ, ಇನ್ನಷ್ಟು ಖಾರವಾಗಿ ಹೇಳಿ ಮುಗಿಸಿದ್ದೇನೆ. ‘ಬ್ರಿಟಿಷ್ ಲಯನ್’ 2012ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ ನಾನು ಬೆಂಗಳೂರಿನ ಒಂದು ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದೆ. ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿಗೆ ಕಾರ್ಯಕ್ರಮ ಕೊಟ್ಟದ್ದು 2007ರ ಮಾರ್ಚ್ 17ರಂದು, ನಮ್ಮ ಅರಮನೆ ಮೈದಾನದಲ್ಲಿ. ಅಂದು ಹ್ಯಾರಿಸ್ ಅವರು ಒಂದು ಕಾಲನ್ನು ವೇದಿಕೆಯ ಮಾನಿಟರ್ ಸ್ಪೀಕರಿನ ಮೇಲಿಟ್ಟು, ಬೇಸಿನ ಕತ್ತನ್ನು ಜನರತ್ತ ತಿರುಗಿಸಿ, ಎದುರಿಗೆ ಮೈಕ್ ಇಲ್ಲದಿದ್ದರೂ ಹಾಡಿನ ಸಾಲುಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ನುಡಿಸುವುದನ್ನು ಕಣ್ಣಾರೆ ಕಂಡಿದ್ದ ನನಗೆ, ಅಂಥವರ ಸ್ವಂತ ಆಲ್ಬಂ ಎಂದರೆ ಮೊದಲಿನಿಂದ ಕೊನೆಯವರೆಗೆ ಬೇಸಿನದೇ ದರ್ಬಾರು ಎಂಬ ನಿರೀಕ್ಷೆ ಇತ್ತು. ಬಂದದ್ದು ಬೇರೆಯೇ. ಎಪ್ಪತ್ತರ ದಶಕದ ಇಂಗ್ಲಿಷ್ ಹಾರ್ಡ್ ರಾಕ್ ಜಾಡಿನ ಹತ್ತು ಹಾಡುಗಳು, ರಿಚರ್ಡ್ ಟೇಲರ್ ಅವರ ಮೆದುವಾದ ಕಂಠ, ಯುಎಫ್‌ಒ ತಂಡವನ್ನು ನೆನಪಿಸುವ ಗಿಟಾರುಗಳು, ಮತ್ತು ಅವುಗಳ ಜೊತೆಗೆ ನಡೆಯುವ, ಅವುಗಳನ್ನು ಎಳೆದೊಯ್ಯದ ಬೇಸ್.

ಹ್ಯಾರಿಸ್ ಮಾಡದೆ ಬಿಟ್ಟದ್ದನ್ನು ನಾನು ಮಾಡಿ ತೋರಿಸುತ್ತೇನೆ ಎಂದು ಹೊರಟೆ. ನಮ್ಮ ಬ್ಯಾಂಡಿನ ಡ್ರಮ್ಮರ್ ಮತ್ತು ಗಾಯಕಿಯನ್ನು ಒಪ್ಪಿಸಿ, ಕೂಡಿಟ್ಟಿದ್ದ ಹಣವನ್ನೆಲ್ಲ ಸ್ಟುಡಿಯೋಗೆ ಸುರಿದು, ನನ್ನ ಹೆಸರಿನಲ್ಲೇ ಒಂದು ಆಲ್ಬಂ ಧ್ವನಿಮುದ್ರಿಸಿದೆ. ಧ್ವನಿಮುದ್ರಣ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಮಿಕ್ಸಿಂಗ್‌ನಲ್ಲಿ, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ವಾದ್ಯಗಳನ್ನೂ ಕಂಠವನ್ನೂ ಹದವಾಗಿ ಬೆರೆಸುವಾಗ. ಹೇಗೆ ಕೆಟ್ಟಿತು ಎಂಬುದನ್ನು ಕೊಂಚ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಬರೆದಿರುವ ಯೋಜನೆಯಲ್ಲಿ ಅದೇ ಹಳ್ಳ ಇದೆ.

ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್, ಅಂದರೆ ತಂತಿ ಸೆಕೆಂಡಿಗೆ ಅಷ್ಟು ಬಾರಿ ಕಂಪಿಸುತ್ತದೆ. ಅದಕ್ಕೆ ತುಸು ಮೇಲೆ, 60ರಿಂದ 100 ಹರ್ಟ್ಜ್ ನಡುವೆ, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ, ಅಂದರೆ ಕಿಕ್ ಡ್ರಮ್ಮಿನ, ಹೊಡೆತಕ್ಕೆ ತೂಕ ಬರುತ್ತದೆ. ಬೇಸಿಗೂ ಅದೇ ಜಾಗ ಬೇಕು. ನಾನು ಬೇಸಿನ ಸದ್ದು ಏರಿಸಿ ಇಳಿಸುವ ಫೇಡರನ್ನು ಮೇಲಕ್ಕೆ ತಳ್ಳಿದ ಕೂಡಲೇ ಕಿಕ್ ಮಾಯವಾಯಿತು. ಡ್ರಮ್ಮರ್ ಮುಖ ಸಣ್ಣದಾದದ್ದನ್ನು ಕಂಡು ಕಿಕ್ಕನ್ನೂ ಏರಿಸಿದೆವು. ಆಗ ತಳದ ಸದ್ದೆಲ್ಲ ಕಲಸಿಹೋಗಿ, ಯಾವ ಸ್ವರ ಎಲ್ಲಿ ಹುಟ್ಟಿತು, ಎಲ್ಲಿ ನಿಂತಿತು ಎಂಬುದೇ ತಿಳಿಯದಂತಾಯಿತು. ಸ್ಪಷ್ಟತೆ ತರಲೆಂದು ಬೆರಳು ತಂತಿಗೆ ತಾಗುವ ಸದ್ದನ್ನು, ಅಂದರೆ ಎರಡು ಮೂರು ಸಾವಿರ ಹರ್ಟ್ಜ್ ಆಸುಪಾಸಿನ ಭಾಗವನ್ನು, ಎತ್ತಿದೆ. ಹಾಡುವವರ ಮಾತು ಬಿಡಿಬಿಡಿಯಾಗಿ ಕಿವಿಗೆ ಬೀಳುವುದೂ ಆ ಭಾಗದ ಬಲದಿಂದಲೇ ಆದ್ದರಿಂದ ಗಾಯಕಿಯ ಸಾಹಿತ್ಯ ಅರ್ಧಕ್ಕರ್ಧ ಮುಚ್ಚಿಹೋಯಿತು. “ಸಾರ್, ಬೇಸ್ ಮೂರು ಡೆಸಿಬೆಲ್ ಇಳಿಸೋಣ, ಆಗ ಇನ್ನೂ ಚೆನ್ನಾಗಿ ಕೇಳುತ್ತೆ” ಎಂದು ಸ್ಟುಡಿಯೋದ ಇಂಜಿನಿಯರ್ ಹೇಳಿದರು. ಇಳಿಸಿದರೆ ಹೆಚ್ಚು ಕೇಳುತ್ತದೆ ಎಂಬ ಮಾತು ನನಗೆ ಆಗ ತಮಾಷೆಯಾಗಿ ಕಂಡಿತು, ನಾನು ಒಪ್ಪಲಿಲ್ಲ.

ಇದಕ್ಕೂ ಮೊದಲೇ ಹ್ಯಾರಿಸ್ ಅವರಂತೆ ಫ್ಲಾಟ್‌ವೌಂಡ್ ತಂತಿಗಳನ್ನು, ಅಂದರೆ ಚಪ್ಪಟೆ ಲೋಹದ ಸುತ್ತಿರುವ ನುಣುಪಾದ ತಂತಿಗಳನ್ನು, ಹಾಕಿಸಿದ್ದೆ. ಸಾಮಾನ್ಯವಾಗಿ ಈ ತಂತಿಗಳ ನಾದ ಮಂದ, ಹಳೆಯ ಕಾಲದ್ದು. ಅವರ ಫೆಂಡರ್ ಪ್ರಿಸಿಷನ್ ಬೇಸಿನ ಆ ಖಣಖಣ ಹುಟ್ಟುವುದು ಎರಡೇ ಬೆರಳುಗಳಲ್ಲಿ, ತಂತಿ ಬೇಸಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ (ಫ್ರೆಟ್ಟಿಗೆ) ಬಡಿಯುವಷ್ಟು ಬಲವಾಗಿ ಮೀಟುವ ಅವರ ಬಲಗೈಯಿಂದ. ನನ್ನದು ಅಂಥ ಕೈಯಲ್ಲ. ಆದ್ದರಿಂದ ಇಲ್ಲದ ಖಣಖಣವನ್ನು, ಸದ್ದಿನ ಬೇಕಾದ ಭಾಗವನ್ನು ಏರಿಸುವ ಈಕ್ವಲೈಸರ್‌ನಿಂದ ತಂದೆ. ಕೊನೆಗೆ ಜನ ಆ ಆಲ್ಬಂ ಕೇಳಿದ್ದು ಮೊಬೈಲ್ ಸ್ಪೀಕರಿನಲ್ಲಿ. ಅದರಿಂದ 41 ಹರ್ಟ್ಜ್ ಹೊರಡುವುದೇ ಇಲ್ಲ, ಮೇಲಿನ ಅನುಸ್ವರಗಳು ಮತ್ತು ತಂತಿಯ ಟಕಟಕ ಸದ್ದು ಮಾತ್ರ ಕೇಳುತ್ತದೆ. ಬೇಸಿಗಾಗಿಯೇ ಮಾಡಿದ ಆಲ್ಬಂನಲ್ಲಿ ಬೇಸ್ ಇರಲಿಲ್ಲ, ಅದರ ಗಲಾಟೆ ಇತ್ತು. “ಹಾಡೆಲ್ಲಿ ಹೋಯ್ತೋ?” ಎಂದು ಕೇಳಿದ ಡ್ರಮ್ಮರ್ ಮತ್ತೆ ನನ್ನೊಡನೆ ನುಡಿಸಲಿಲ್ಲ. ಅವನ ಹಿಂದೆಯೇ ಬ್ಯಾಂಡೂ ಚದುರಿತು.

ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪದಿರುವುದಕ್ಕೆ ಇದು ಕಾರಣ. ಬೇಸ್ ವಾದಕನ ಸ್ವಂತ ಆಲ್ಬಂ ಎಂದರೆ ಬೇಸ್ ಮುಂದಿರುವ ಆಲ್ಬಂ ಎಂದು ನೀವು ಹಿಡಿದುಕೊಂಡಿದ್ದೀರಿ. ಹ್ಯಾರಿಸ್ ಅವರಿಗೆ ಆ ಹಂಬಲ ಏಕಿರಬೇಕು? 1975ರ ಕ್ರಿಸ್‌ಮಸ್ ದಿನ ಮೇಡನ್ ಕಟ್ಟಿದವರು ಅವರು, ಅದರ ಮುಖ್ಯ ಗೀತಕಾರ ಅವರು, 2000ದ ‘ಬ್ರೇವ್ ನ್ಯೂ ವರ್ಲ್ಡ್’ನಿಂದ ಈಚೆಗೆ ಕೆವಿನ್ ಶರ್ಲಿ ಅವರೊಂದಿಗೆ ಸಹನಿರ್ಮಾಪಕರೂ ಹೌದು. ಬೇಸ್ ಮುಂದಿರುವ ಸ್ಟೀವ್ ಹ್ಯಾರಿಸ್ ಆಲ್ಬಂ ಬೇಕಿದ್ದವರಿಗೆ 1980ರಿಂದ ಮೇಡನ್ ಹೆಸರಿನಲ್ಲಿ ಅದು ಸಿಗುತ್ತಲೇ ಇದೆ. ಹ್ಯಾರಿಸ್ ಅವರಿಗೆ ದೊರೆಯದೇ ಇದ್ದದ್ದು ಯಜಮಾನಿಕೆಯಿಲ್ಲದೆ ಕೇವಲ ಬೇಸ್ ನುಡಿಸಿಕೊಂಡಿರುವ ಒಂದು ಜಾಗ ಎಂಬುದು ನನ್ನ ಎಣಿಕೆ. ತೊಂಬತ್ತರ ದಶಕದ ಆರಂಭದಲ್ಲಿ ಟೇಲರ್ ಮತ್ತು ಗಿಟಾರ್ ವಾದಕ ಗ್ರಹಾಂ ಲೆಸ್ಲಿ ಅವರೊಂದಿಗೆ ಮೊಳೆತ ಹಾಡುಗಳನ್ನು ಅವರು ಮರೆಯದೆ ಇಟ್ಟುಕೊಂಡು, ಐವತ್ತಾರನೆಯ ವಯಸ್ಸಿನಲ್ಲಿ ಹೊರತಂದರು. ಮರುವರ್ಷ, ಕ್ರೀಡಾಂಗಣ ತುಂಬಿಸಬಲ್ಲ ಆ ಮನುಷ್ಯ ಅದೇ ತಂಡದೊಂದಿಗೆ ಯುರೋಪಿನ ಸಣ್ಣ ಕ್ಲಬ್ಬುಗಳಲ್ಲಿ ನುಡಿಸುತ್ತ ಓಡಾಡಿದರು. 2020ರ ಜನವರಿಯಲ್ಲಿ ಎರಡನೆಯ ಆಲ್ಬಂ ‘ದ ಬರ್ನಿಂಗ್’ ಬಂದಾಗ ಅದು ಹ್ಯಾರಿಸ್ ಅವರ ಆಲ್ಬಂ ಆಗಿರಲಿಲ್ಲ. ಬ್ರಿಟಿಷ್ ಲಯನ್ ಎಂಬುದು ತಂಡದ ಹೆಸರಾಗಿತ್ತು. ಮೊದಲ ಆಲ್ಬಂನ ಸದ್ದು ಮಂಕು ಎಂಬ ನಿಮ್ಮ ದೂರು ಮಾತ್ರ ನ್ಯಾಯವಾದದ್ದು. ಎರಡನೆಯದನ್ನು ಕೇಳಿ, ಅದು ಗಟ್ಟಿಯಾಗಿದೆ.

ನೀವು ಹೆಸರಿಸಿರುವ ಉಳಿದ ಮೂವರ ಅಗತ್ಯಗಳು ಬೇರೆ ಬೇರೆ. ಜಾನ್ ಎಂಟ್‌ವಿಸಲ್ 1971ರಲ್ಲೇ ಸ್ವಂತ ಆಲ್ಬಂ ತಂದರು, ಏಕೆಂದರೆ ‘ದ ಹೂ’ ತಂಡದಲ್ಲಿ ಪೀಟ್ ಟೌನ್‌ಷೆಂಡ್ ಅವರ ಹಾಡುಗಳ ನಡುವೆ ಅವರ ಹಾಡುಗಳಿಗೆ ಜಾಗ ಸಾಲುತ್ತಿರಲಿಲ್ಲ. ಬ್ಲ್ಯಾಕ್ ಸಬಾತ್‌ನ ಗೀಜರ್ ಬಟ್ಲರ್ ಅವರ 1995ರ ‘ಪ್ಲಾಸ್ಟಿಕ್ ಪ್ಲಾನೆಟ್’ನಲ್ಲಿ ಹಾಡಿದವರು ಅಮೆರಿಕದ ಫಿಯರ್ ಫ್ಯಾಕ್ಟರಿ ತಂಡದ ಬರ್ಟನ್ ಬೆಲ್, ಆ ಕಾಲದ ಹೊಸ ಮೆಟಲ್‌ನ ಕಾಠಿಣ್ಯ ಅದರಲ್ಲಿದೆ. ನಿಜಕ್ಕೂ ಬೇಸ್ ಮುನ್ನಡೆಸುವ ಆಲ್ಬಂ ಬೇಕೆಂದರೆ ಲೆಡ್ ಜೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್ 1999ರಲ್ಲಿ ಮಾಡಿದ ‘ಜೂಮಾ’ ಇದೆ. ಆದರೆ ಅದರಲ್ಲಿ ಗಾಯಕರೇ ಇಲ್ಲ. ಕಂಠಕ್ಕೆಂದು ಬಿಡಬೇಕಾದ ಜಾಗವನ್ನೆಲ್ಲ ಅವರು ವಾದ್ಯಕ್ಕೆ ಕೊಡಬಹುದಿತ್ತು, ಕೊಟ್ಟರು. ಹಾಡುವವರನ್ನೂ ಇಟ್ಟುಕೊಂಡು ಜೂಮಾದ ಬೇಸೂ ಬೇಕು ಎನ್ನುವ ನಿಮ್ಮ ಯೋಚನೆ ಕೈಗೂಡುವಂಥದ್ದಲ್ಲ.

ಹೀಗಾಗಿ ಗಾಯಕರನ್ನು ಬಿಟ್ಟು ವಾದ್ಯಸಂಗೀತದ ಆಲ್ಬಂ ಮಾಡಿ, ಇಲ್ಲವೇ ಹಾಡುಗಳನ್ನು ಬರೆದು ಬೇಸನ್ನು ಅದರ ಪಾಡಿಗೆ ಬಿಡಿ. ಯಾವುದೇ ಆದರೂ ಮಿಕ್ಸಿಂಗ್ ನಡೆಯುವಾಗ ನೀವು ಆ ಕೋಣೆಯಲ್ಲಿ ಇರಬೇಡಿ. ಪ್ರಶ್ನೆಯಲ್ಲಿ ನಿಮ್ಮ ಆಂಪ್, ಪಿಕಪ್, ತಂತಿಗಳ ಬಗ್ಗೆ ಒಂದು ಪುಟ ಬರೆದಿದ್ದೀರಿ, ಜೊತೆಗೆ ಯಾರು ನುಡಿಸುತ್ತಾರೆ ಎಂಬುದರ ಸುಳಿವೇ ಇಲ್ಲ. ನಿಮ್ಮನ್ನು ನಿರಾಸೆಗೊಳಿಸಿದ ಆಲ್ಬಂನಲ್ಲಿ ಡ್ರಮ್ಸ್ ನುಡಿಸಿದವರಲ್ಲಿ ಒಬ್ಬರಾದ ಸೈಮನ್ ಡಾಸನ್ ಅವರನ್ನೇ, ಮೇಡನ್‌ನ ಡ್ರಮ್ಮರ್ ನಿಕೋ ಮ್ಯಾಕ್‌ಬ್ರೇನ್ 2024ರ ಕೊನೆಯಲ್ಲಿ ಪ್ರವಾಸಗಳಿಂದ ನಿವೃತ್ತರಾದ ಮೇಲೆ, ಮೇಡನ್ ತನ್ನ 2025ರ ಪ್ರವಾಸಕ್ಕೆ ಕರೆದೊಯ್ದಿತು. ಸ್ಟುಡಿಯೋಗೆ ಮುಂಗಡ ಕೊಡುವ ಮೊದಲು ನಿಮ್ಮ ಡ್ರಮ್ಮರ್ ಯಾರೆಂದು ನಿರ್ಧರಿಸಿ, ಹಾಡುಗಳನ್ನು ಅವರ ಜೊತೆ ಯಾವುದಾದರೂ ಸಣ್ಣ ಪಬ್ಬಿನಲ್ಲಿ ಜನರೆದುರು ನುಡಿಸಿ ನೋಡಿ, ಬೇಸ್ ಎಷ್ಟಿರಬೇಕು ಎಂದು ಅವರನ್ನೇ ಕೇಳಿ.