ಯಾರ ಬೆನ್ನಿಗೆ ಬಂದ ಪ್ಯಾಕೇಜು?

(ಆದೇಶಗಳು ಇಲ್ಲಿ ಕನ್ನಡ ಲಿಪಿಯಲ್ಲಿವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪಿಸಿ.)

ಪ್ರಶ್ನೆ: ಉಬುಂಟು ಲಿನಕ್ಸ್ 22.04ರಲ್ಲಿ ಕೆಡೆನ್‌ಲೈವ್ ಎಂಬ ವೀಡಿಯೋ ಸಂಪಾದಕವನ್ನು ತೆಗೆದೆ. ಆಮೇಲೆ ಬೇಡದ ಪ್ಯಾಕೇಜುಗಳನ್ನು ತೆಗೆಯುವ 'ಸುಡೊ ಆಪ್ಟ್ ಆಟೋರಿಮೂವ್' ಕೊಟ್ಟರೆ, ನಾನು ದಿನಾ ಬಳಸುವ ವೀಡಿಯೋ ಪರಿವರ್ತಕ ಎಫ್‌ಎಫ್‌ಎಂಪೆಗ್ ಕೂಡ ತೆಗೆಯುವ ಪಟ್ಟಿಯಲ್ಲಿದೆ. ಯಾಕೆ?

ಉತ್ತರ: ನೀವು ಬಳಸುತ್ತೀರೋ ಇಲ್ಲವೋ ಆಪ್ಟ್‌ಗೆ (ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಸಾಧನಕ್ಕೆ) ಗೊತ್ತಿಲ್ಲ. ಅದು ನೋಡುವುದು, ಪ್ಯಾಕೇಜನ್ನು ನೀವೇ ಕೇಳಿ ಹಾಕಿಸಿಕೊಂಡಿರೋ ಅಥವಾ ಅದು ಬೇರೊಂದರ ಬೆನ್ನಿಗೆ ಬಂತೋ ಎಂಬುದನ್ನು. ನಿಮ್ಮಲ್ಲಿ ಎಫ್‌ಎಫ್‌ಎಂಪೆಗ್ ಬಂದದ್ದು ಕೆಡೆನ್‌ಲೈವ್‌ನ ಅವಲಂಬನೆಯಾಗಿ (ಅದು ಓಡಲು ಬೇಕಾದದ್ದಾಗಿ), ಆದ್ದರಿಂದ ಅದರ ಮೇಲೆ 'ಆಟೋ' ಗುರುತು ಬಿದ್ದಿದೆ. ಕರೆತಂದವರು ಹೋದರು, ಬೇರೆ ಯಾರೂ ಅದನ್ನು ಕೇಳುತ್ತಿಲ್ಲ. 'ಸುಡೊ ಆಪ್ಟ್-ಮಾರ್ಕ್ ಮ್ಯಾನುಯಲ್ ಎಫ್‌ಎಫ್‌ಎಂಪೆಗ್' ಎಂದರೆ ಗುರುತು ಬದಲಾಗಿ ಪಟ್ಟಿಯಿಂದ ಹೊರಬರುತ್ತದೆ. ಅದಕ್ಕೆ ಬೇಕಾದ ಲೈಬ್ರರಿಗಳೂ ಜೊತೆಗೇ ಉಳಿಯುತ್ತವೆ.

ತದ್ವಿರುದ್ಧದ ಗೊಂದಲವೂ ಉಂಟು: ಬೇಡವೆನಿಸಿದ ಪ್ಯಾಕೇಜು ಹೋಗುವುದೇ ಇಲ್ಲ. ಇನ್ನೊಂದು ಪ್ಯಾಕೇಜು ಅದನ್ನು ಬರೀ 'ಸಜೆಸ್ಟ್' ಮಾಡಿದ್ದರೂ (ಇದ್ದರೆ ಒಳ್ಳೆಯದೆಂದು ಸೂಚಿಸಿದ್ದರೂ) ಆಟೋರಿಮೂವ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಯಾರಿಗಾಗಿ ಉಳಿದಿದೆ ಎಂದು 'ಆಪ್ಟಿಟ್ಯೂಡ್ ವೈ' (ಇಂಗ್ಲಿಷಿನ why) ಎಂಬುದರ ಮುಂದೆ ಹೆಸರು ಕೊಟ್ಟು ನೋಡಿ; ಸರಪಳಿ ಪೂರ್ತಿ ಕಾಣುತ್ತದೆ. ಆಪ್ಟಿಟ್ಯೂಡ್ ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಪಟ್ಟಿ ಓದದೆ, ಹೌದು ಎನ್ನಲು y ಕೀಲಿ ಒತ್ತುವ ಅಭ್ಯಾಸ ಮಾತ್ರ ಬೇಡ. 'ಆಪ್ಟ್ -ಎಸ್ ಆಟೋರಿಮೂವ್' ಏನನ್ನೂ ತೆಗೆಯದೆ ಪಟ್ಟಿ ತೋರಿಸುತ್ತದೆ, ಸುಡೊ (ಆಡಳಿತಗಾರನ ಅಧಿಕಾರ) ಕೂಡ ಬೇಡ. ಈಗಾಗಲೇ ತೆಗೆದಾಗಿದ್ದರೆ ಹೋದವುಗಳ ಹೆಸರು '/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್' ಕಡತದಲ್ಲಿ ಸಿಗುತ್ತದೆ.

ಪ್ರಶ್ನೆ: ಇಳಿಸಿಕೊಂಡ ಡೆಬ್ (ಉಬುಂಟು ಪ್ಯಾಕೇಜಿನ) ಕಡತಕ್ಕೆ 'ಡಿಪಿಕೆಜಿ -ಐ' ಕೊಟ್ಟಾಗ ಅವಲಂಬನೆ ಸರಿಯಿಲ್ಲ ಎಂದು ನಿಂತಿತು.

ಉತ್ತರ: ಡಿಪಿಕೆಜಿ ಕೊಟ್ಟ ಕಡತವನ್ನಷ್ಟೇ ಹಾಕುತ್ತದೆ, ಕಡಿಮೆ ಬಿದ್ದುದನ್ನು ರೆಪೊಸಿಟರಿಯಿಂದ (ಅಂತರ್ಜಾಲದ ಪ್ಯಾಕೇಜು ಭಂಡಾರದಿಂದ) ತರುವುದಿಲ್ಲ. 'ಸುಡೊ ಆಪ್ಟ್ ಇನ್‌ಸ್ಟಾಲ್ ./ಕಡತ.ಡೆಬ್' ಎಂದು ಕೊಡಿ. ಆ ಚುಕ್ಕೆ-ಓರೆಗೆರೆ ಬಿಟ್ಟರೆ ಆಪ್ಟ್ ಅದೇ ಹೆಸರಿನ ಪ್ಯಾಕೇಜನ್ನು ರೆಪೊಸಿಟರಿಯಲ್ಲಿ ಹುಡುಕುತ್ತದೆ. ಅರ್ಧಕ್ಕೆ ನಿಂತದ್ದಕ್ಕೆ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಇದೆ. ಆದರೆ ಬೇಕಾದ್ದು ಎಲ್ಲೂ ಸಿಗದಿದ್ದರೆ ನೀವು ಹಾಕಿದ್ದನ್ನೇ ಕಿತ್ತುಹಾಕುವುದೂ ಅದರ ಪರಿಹಾರವೇ!

ದೋಷದ ಸಾಲಿನಲ್ಲಿ 'ಲಿಬ್‌ಸಿ6' (ಸಿ ಭಾಷೆಯ ಮೂಲ ಲೈಬ್ರರಿ) 2.38 ಅಥವಾ ಮೇಲಿನದು ಬೇಕು ಎಂದಿದ್ದರೆ ಆ ಡೆಬ್ ನಿಮ್ಮ ಆವೃತ್ತಿಗೆ ಮಾಡಿದ್ದಲ್ಲ. 22.04ರಲ್ಲಿರುವುದು 2.35, 24.04ರಲ್ಲಿ 2.39. ಹೊಸ ಲಿಬ್‌ಸಿಯನ್ನು ಬೇರೆಡೆಯಿಂದ ತಂದು ತುರುಕಬೇಡಿ. ಬಹುತೇಕ ಪ್ರೋಗ್ರಾಂಗಳು ಅದರ ಮೇಲೇ ನಿಂತಿವೆ, ಎಡವಟ್ಟಾದರೆ ಸರಿಪಡಿಸಲು ಬೇಕಾದ ಶೆಲ್ಲೂ ಓಡದು. ನಿಮ್ಮ ಆವೃತ್ತಿಯ ಡೆಬ್ ಹುಡುಕಿ, ಇಲ್ಲದಿದ್ದರೆ ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ (ಬೇರೆ ಬಗೆಯ ಪ್ಯಾಕೇಜುಗಳು) ಇದೆಯೇ ನೋಡಿ.

ಪ್ರಶ್ನೆ: 'ಡಿಪಿಕೆಜಿ -ಎಲ್' ಪಟ್ಟಿಯಲ್ಲಿ 'ಆರ್‌ಸಿ' ಎಂದಿರುವುದು ಏನು?

ಉತ್ತರ: ಪ್ರೋಗ್ರಾಂ ತೆಗೆದಾಗಿದೆ, '/ಇಟಿಸಿ'ಯಂಥ ಕಡೆಯ ಸಂರಚನೆ ಕಡತಗಳು ಉಳಿದಿವೆ. 'ರಿಮೂವ್' ಬದಲು 'ಪರ್ಜ್' ಕೊಟ್ಟರೆ ಅವೂ ಹೋಗುತ್ತವೆ. ನಿಮ್ಮ ಹೋಂ ಫೋಲ್ಡರಿನ ಸೆಟ್ಟಿಂಗುಗಳನ್ನು ಎರಡೂ ಮುಟ್ಟುವುದಿಲ್ಲ, ಅವನ್ನು ಕೈಯಾರೆ ಅಳಿಸಬೇಕು.