ಮುದಿ ಹಾವಿಗೆ ಮೊದಲು ಬೆಚ್ಚಗೆ, ಆಮೇಲೆ ನೀರು, ಕೊನೆಗೆ ಊಟ

ಈ ಸಲ ಬಂದ ಪತ್ರಗಳಲ್ಲಿ ವಯಸ್ಸಾದ ಹಾವುಗಳ ಕಾಯಿಲೆಯ ಬಗ್ಗೆ ಕೇಳಿದವರೇ ಹೆಚ್ಚು. ಹಾಗಾಗಿ ಇಡೀ ಅಂಕಣವನ್ನು ಅವುಗಳಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ 17 ವರ್ಷದ ಗಂಡು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಇದೆ, ನೋಂದಣಿಯೂ ಆಗಿದೆ. ದೀಪಾವಳಿ ಕಳೆದ ಮೇಲೆ ಇಲಿ ಮುಟ್ಟಿಲ್ಲ. 1,540 ಗ್ರಾಂ ಇದ್ದದ್ದು 1,330ಕ್ಕೆ ಇಳಿದಿದೆ. ತಲೆ ಮೇಲೆತ್ತಿ ಬಾಯಿ ತೆರೆಯುತ್ತದೆ, ಮೂಗಿನ ಹತ್ತಿರ ನೊರೆ ಕಾಣುತ್ತದೆ. ಬಾಯಿ ಬಿಡಿಸಿ ಇಲಿ ತಿನ್ನಿಸಬಹುದೇ? ನಮ್ಮತ್ತೆಯವರು ಹಾಲು ಕೊಟ್ಟು ನೋಡಿ ಅನ್ನುತ್ತಾರೆ.
— ಕುವೆಂಪುನಗರ, ಮೈಸೂರು

ಉತ್ತರ: ಎರಡೂ ಬೇಡ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಾರಿ ಬಳಲಿದ ಹಾವು ಏನು ಇಟ್ಟರೂ ಕುಡಿಯುತ್ತದೆ, ಹಾಲು ಕುಡಿಯುತ್ತದೆ ಎಂಬ ನಂಬಿಕೆಗೆ ಕಾರಣ ಅದೇ. ಇನ್ನು ಈ ಸ್ಥಿತಿಯಲ್ಲಿ ಇಲಿ ತುರುಕಿದರೆ ವಾಂತಿಯಾಗುತ್ತದೆ, ಆ ವಾಂತಿ ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಗಂಡು ಬಾಲ್ ಪೈಥಾನ್ ಚಳಿಗಾಲದಲ್ಲಿ ಎರಡು ಮೂರು ತಿಂಗಳು ಉಪವಾಸ ಇರುವುದು ಸಹಜ. ಆದರೆ ಆರೋಗ್ಯವಾಗಿರುವ ಹಾವಿನ ತೂಕ ಆಗ ಹೆಚ್ಚು ಇಳಿಯುವುದಿಲ್ಲ. ನಿಮ್ಮದು ಸುಮಾರು ಶೇ 14ರಷ್ಟು ಇಳಿದಿದೆ. ಶೇ 10 ದಾಟಿದರೆ ವೈದ್ಯರಿಗೆ ತೋರಿಸಲೇಬೇಕು. ನೊರೆ, ತೆರೆದ ಬಾಯಿ, ಎತ್ತಿ ಹಿಡಿದ ತಲೆ ಮೂರೂ ಉಸಿರಾಟದ ಸೋಂಕನ್ನು ಸೂಚಿಸುತ್ತವೆ. ಹಾವಿಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯು) ಇಲ್ಲ, ಕೆಮ್ಮಲು ಬರುವುದಿಲ್ಲ. ಕಫ ಒಳಗೇ ಕೂರುತ್ತದೆ, ಅದು ಕಟ್ಟಿಕೊಂಡಾಗ ಉಸಿರಿಗಾಗಿ ತಲೆ ಎತ್ತುತ್ತದೆ.

ವೈದ್ಯರ ಬಳಿ ಹೋಗುವ ತನಕ ನಿಮ್ಮ ಕೈಯಲ್ಲಿರುವುದು ಶಾಖ. ಹಾವಿನ ರೋಗನಿರೋಧಕ ಶಕ್ತಿ ಅದರ ಮೈಬಿಸಿಯ ಮೇಲೆ ನಿಂತಿದೆ. ಮೈ ತಣ್ಣಗಿದ್ದರೆ ಔಷಧಿಯೂ ಸರಿಯಾಗಿ ಹರಡುವುದಿಲ್ಲ. ಧನುರ್ಮಾಸದ ರಾತ್ರಿ ಮೈಸೂರಿನ ಮನೆಯೊಳಗೇ ಚಳಿ ಇರುತ್ತದೆ, ಮುದಿ ಹಾವು ಬಿಸಿ ಕಡೆಗೆ ಸರಿಯುವ ಶ್ರಮವನ್ನೂ ಪಡುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಬಿಸಿ ಬದಿಯನ್ನು 32 ಡಿಗ್ರಿ, ತಣ್ಣನೆ ಬದಿಯನ್ನು 27ರಿಂದ 28 ಡಿಗ್ರಿಯಲ್ಲಿಡಿ, ಹಗಲು ರಾತ್ರಿ ಒಂದೇ ಸಮ. ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಥರ್ಮೋಸ್ಟಾಟಿನ ತಂತಿಯ ತುದಿ ಗೋಡೆಗೆ ಅಂಟಿರಬಾರದು, ಹಾವು ಮಲಗುವ ಮರೆಯ ನೆಲದಲ್ಲೇ ಇರಬೇಕು. ಗೋಡೆಯ ಮೇಲೆ 32 ತೋರಿಸುವಾಗ ನೆಲದಲ್ಲಿ 26 ಇರುವುದು ತುಂಬಾ ಸಾಮಾನ್ಯ. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಬಳಸಲೇಬೇಡಿ. ಹೊಟ್ಟೆ ಸುಟ್ಟರೂ ಹಾವು ಅಲ್ಲೇ ಮಲಗಿರುತ್ತದೆ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಎರಡು ಸುತ್ತು ಟವಲ್ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ.

ಎರಡನೆಯದು ನೀರು. ಬೆರಳಿನಿಂದ ಪಕ್ಕೆಯ ಚರ್ಮ ಎತ್ತಿ ಬಿಡಿ. ಮಡಿಕೆ ಹಾಗೇ ನಿಂತರೆ, ಕಣ್ಣು ಒಳಗೆ ಕುಸಿದಿದ್ದರೆ, ಬಾಯೊಳಗೆ ಲೋಳೆ ದಾರದಂತೆ ಎಳೆದರೆ ನೀರು ಕಡಿಮೆಯಾಗಿದೆ. 28ರಿಂದ 30 ಡಿಗ್ರಿಯ ನೀರಲ್ಲಿ ದಿನಕ್ಕೆ ಒಮ್ಮೆ 15 ನಿಮಿಷ ಬಿಡಿ. ನೀರು ಹಾವಿನ ಅರ್ಧ ಮೈಗಿಂತ ಮೇಲೆ ಬರಬಾರದು, ನೀವು ಎದ್ದು ಹೋಗಬಾರದು. ಬಳಲಿದ ಹಾವು ಅಂಗೈ ಆಳದ ನೀರಲ್ಲೂ ಮುಳುಗುತ್ತದೆ. ನೊರೆ ಜಾಸ್ತಿಯಿದ್ದರೆ, ಅಥವಾ ತಲೆ ಎತ್ತಿ ಹಿಡಿಯಲು ಆಗದಿದ್ದರೆ, ನೀರಿಗೆ ಬಿಡುವುದನ್ನೇ ನಿಲ್ಲಿಸಿ ವೈದ್ಯರಿಂದ ಚರ್ಮದಡಿ ದ್ರವ ಕೊಡಿಸಿ. ಮೈ ಬೆಚ್ಚಗಾಗಿ ನೀರು ತುಂಬಿದ ಮೇಲೆಯೇ ಊಟದ ಮಾತು. ಆಗಲೂ ಟ್ಯೂಬಿನಿಂದ ತೆಳು ಆಹಾರ ಕೊಡುವುದು ವೈದ್ಯರ ಕೆಲಸ. ವಾಂತಿಯಾದರೆ ಕನಿಷ್ಠ 14 ದಿನ ಏನೂ ಕೊಡಬೇಡಿ.

ಪೆಟ್ಟಿಗೆಯಲ್ಲಿ ಹಾಸಿದ ತೆಂಗಿನ ನಾರು, ಮರದ ತೊಗಟೆ ತೆಗೆದು ಹಳೆ ವೃತ್ತಪತ್ರಿಕೆ ಹಾಸಿ. ಬಿಳಿ ಯೂರೇಟ್, ಅಂದರೆ ಹಾವಿನ ಗಟ್ಟಿ ಮೂತ್ರ, ಹೇಗಿದೆ ಎಂದು ಅದರ ಮೇಲೆಯೇ ಚೆನ್ನಾಗಿ ಕಾಣುವುದು. ಮಜ್ಜಿಗೆ ಗಸಿಯಂತಿದ್ದರೆ ಸರಿ. ಸುಣ್ಣದ ಹರಳಿನಂತೆ ಗರಗರ ಎಂದರೆ ನೀರು ಕಡಿಮೆ, ಅಥವಾ ಕಿಡ್ನಿ ಸೋತಿದೆ. ಹಸಿರು ಬಣ್ಣ ಕಂಡರೆ ಲಿವರ್ ಕಡೆ ನೋಡಬೇಕಾಗುತ್ತದೆ. ಫೋಟೊ ತೆಗೆದಿಟ್ಟು ವೈದ್ಯರಿಗೆ ತೋರಿಸಿ.

ಪ್ರಶ್ನೆ: ವೈದ್ಯರು ಸೆಫ್ಟಾಜಿಡಿಮ್ ಎಂಬ ಆಂಟಿಬಯೋಟಿಕ್ ಚುಚ್ಚುಮದ್ದನ್ನು 72 ಗಂಟೆಗೊಮ್ಮೆ ಕೊಡಲು ಬರೆದಿದ್ದಾರೆ. ಪ್ರತಿ ಸಲ ಬೆಂಗಳೂರಿಗೆ ಹೋಗಲಾಗುವುದಿಲ್ಲ. ಮನೆಯಲ್ಲಿ ಕೊಡುವುದು ಹೇಗೆ?
— ವಿಜಯನಗರ, ಮೈಸೂರು

ಉತ್ತರ: ವೈದ್ಯರು ಕೈ ಹಿಡಿದು ಒಮ್ಮೆ ತೋರಿಸಿದ ಮೇಲೆ ಮನೆಯಲ್ಲಿ ಕೊಡಬಹುದು. ಹಾವಿಗೆ ಈ ಔಷಧಿಯನ್ನು ವೈದ್ಯರು ಸಾಮಾನ್ಯವಾಗಿ ಕಿಲೋಗೆ 20 ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. 1.3 ಕಿಲೋ ಹಾವಿಗೆ 26 ಮಿಲಿಗ್ರಾಂ. 1 ಗ್ರಾಂ ಪುಡಿಯ ಬಾಟಲಿಗೆ ಚುಚ್ಚುಮದ್ದಿಗೆಂದೇ ಸಿಗುವ ಶುದ್ಧ ನೀರು 10 ಮಿಲಿ ಸೇರಿಸಿದರೆ ಒಂದು ಮಿಲಿಯಲ್ಲಿ ಸುಮಾರು 100 ಮಿಲಿಗ್ರಾಂ, ಅಂದರೆ ಒಂದು ಸಲಕ್ಕೆ 0.26 ಮಿಲಿ. ಈ ಲೆಕ್ಕ ಉದಾಹರಣೆಗೆ ಮಾತ್ರ. ನಿಮ್ಮ ಚೀಟಿಯಲ್ಲಿ ಇರುವುದೇ ನಿಮ್ಮ ಅಳತೆ.

ತಪ್ಪು ಹೆಚ್ಚಾಗಿ ನಡೆಯುವುದು ಸಿರಿಂಜಿನಲ್ಲಿ. ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇನ್ಸುಲಿನ್ ಸಿರಿಂಜು ಎರಡು ಬಗೆ. ಕೆಂಪು ಮುಚ್ಚಳದ ಯು-40ರಲ್ಲಿ 40 ಗೆರೆ ಎಂದರೆ 1 ಮಿಲಿ, ಯು-100ರಲ್ಲಿ 100 ಗೆರೆ ಎಂದರೆ 1 ಮಿಲಿ. ಯು-100ರಲ್ಲಿ 26 ಗೆರೆ ಎಂದು ಹೇಳಿಸಿಕೊಂಡು ಬಂದು ಯು-40ರಲ್ಲಿ 26 ಎಳೆದರೆ ಎರಡೂವರೆ ಪಟ್ಟು ಔಷಧಿ ಒಳಗೆ ಹೋಗುತ್ತದೆ. ಗೆರೆಗಳ ಪಕ್ಕ ಮಿಲಿ ಎಂದೇ ಬರೆದಿರುವ 1 ಮಿಲಿ ಸಿರಿಂಜು ಕೇಳಿ ತನ್ನಿ.

ನೀರು ಬೆರೆಸಿದಾಗ ಬಾಟಲಿಯಲ್ಲಿ ಗ್ಯಾಸ್ ಏಳುತ್ತದೆ. ಸೂಜಿ ಚುಚ್ಚಿ ಆ ಗ್ಯಾಸನ್ನು ಹೊರಬಿಟ್ಟು, ದ್ರವ ತಿಳಿಯಾದ ಮೇಲೆ ಎಳೆಯಿರಿ. ಒಂದೊಂದು ಸಲದ ಪ್ರಮಾಣವನ್ನು ಬೇರೆ ಬೇರೆ ಸಿರಿಂಜಿನಲ್ಲಿ ತುಂಬಿ ಫ್ರೀಜರಿನಲ್ಲಿಡಲು ವೈದ್ಯರು ಹೇಳಿದ್ದರೆ, ಬೇಕಾದದ್ದೊಂದನ್ನೇ ಹೊರಗೆ ತೆಗೆದು ಕೋಣೆಯ ಬಿಸಿಯಲ್ಲೇ ಕರಗಲು ಬಿಡಿ. ಬಿಸಿನೀರಿಗೆ ಅದ್ದಬೇಡಿ, ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ.

ಚುಚ್ಚುವ ಜಾಗ ಮೈಯ ಮುಂದಿನ ಮೂರನೇ ಒಂದು ಭಾಗ, ಬೆನ್ನುಮೂಳೆಯ ಪಕ್ಕದ ಮಾಂಸಖಂಡ. ಬಾಲದ ಕಡೆಯ ರಕ್ತ ಹೃದಯ ಸೇರುವ ಮೊದಲು ಕಿಡ್ನಿಯ ಹಾದಿಯಲ್ಲಿ ಹೋಗುವುದರಿಂದ ಹಿಂಭಾಗ ಬೇಡ ಎನ್ನುವುದು ವಾಡಿಕೆ. ಒಬ್ಬರು ಟವಲಿನಲ್ಲಿ ಹಿಡಿಯಲಿ, ಇನ್ನೊಬ್ಬರು ಚುಚ್ಚಲಿ. ಸೂಜಿಯನ್ನು ಹುರುಪೆಯ ಮಧ್ಯಕ್ಕೆ ಒತ್ತಬೇಡಿ. ಎರಡು ಹುರುಪೆಗಳ ನಡುವಿನ ಮೆದು ಚರ್ಮದಲ್ಲಿ, ತಲೆಯ ದಿಕ್ಕಿಗೆ ಓರೆಯಾಗಿ ತೂರಿಸಿ. ಸಿರಿಂಜಿನ ಒಳಗಿನ ದಂಡವನ್ನು ಸ್ವಲ್ಪ ಹಿಂದಕ್ಕೆಳೆದು ರಕ್ತ ಬರಲಿಲ್ಲವೆಂದರೆ ಮಾತ್ರ ಔಷಧಿ ಬಿಡಿ. ಇವತ್ತು ಎಡಕ್ಕೆ, ಮುಂದಿನ ಸಲ ಬಲಕ್ಕೆ. ನೀರು ಕಡಿಮೆಯಾದ ಹಾವಿಗೆ ಅಮಿಕಾಸಿನ್, ಜೆಂಟಾಮಿಸಿನ್ ಜಾತಿಯ ಔಷಧಿ ಕಿಡ್ನಿ ಕೆಡಿಸುತ್ತದೆ. ಯಾರೋ ಹೇಳಿದರೆಂದು ಔಷಧಿ ಬದಲಿಸಬೇಡಿ. ಮನೆಯ ಪ್ಯಾರಾಸಿಟಮಾಲ್ ಅಂತೂ ಬೇಡವೇ ಬೇಡ.

ಪ್ರಶ್ನೆ: 14 ವರ್ಷದ ಹೆಣ್ಣು ಕಾರ್ನ್ ಸ್ನೇಕಿಗೆ ಮೈಯ ಹಿಂದಿನ ಮೂರನೇ ಒಂದು ಭಾಗದಲ್ಲಿ, ಬಾಲದ ಕಡೆಗೆ, ಗಟ್ಟಿ ಗಂಟು. ಗಂಡು ಜೊತೆಯಲ್ಲಿಲ್ಲ. ಒತ್ತಿದರೆ ಅಲ್ಲಾಡುವುದಿಲ್ಲ.
— ಸುಭಾಷ್‌ನಗರ, ಮಂಡ್ಯ

ಉತ್ತರ: ಇನ್ನು ಮುಂದೆ ಒತ್ತಬೇಡಿ. ಗಂಡಿಲ್ಲದೆಯೂ ಹೆಣ್ಣು ಬರೀ ಮೊಟ್ಟೆ ಹೊರುತ್ತದೆ. ಅದು ಹೊರಬರದೆ ಸಿಕ್ಕಿಕೊಂಡಿದ್ದರೆ ಒತ್ತಿದಾಗ ಒಳಗೆ ಒಡೆದು ಸೋಂಕಾಗುತ್ತದೆ. ಗಟ್ಟಿಯಾದ ಮಲ, ಊದಿದ ಕಿಡ್ನಿ, ಗೆಡ್ಡೆ ಇವೂ ಆ ಜಾಗದಲ್ಲೇ ಕಾಣಿಸಿಕೊಳ್ಳುತ್ತವೆ. ಮುದಿ ಕಾರ್ನ್ ಸ್ನೇಕುಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪಶುವೈದ್ಯರಿಗೆ ಪರಿಚಿತವಾದದ್ದು. ಕೈಯಿಂದ ಮುಟ್ಟಿ ಯಾವುದೆಂದು ಹೇಳಲಾಗದು. ಎಕ್ಸ್‌ರೇ, ಅಲ್ಟ್ರಾಸೌಂಡ್ ಬೇಕು. ಸೆಲೋಟೇಪ್ ತುಂಡನ್ನು ಗಂಟಿನ ನೇರಕ್ಕೆ ಅಂಟಿಸಿಕೊಂಡು ಹೋದರೆ ಚಿತ್ರ ತೆಗೆಯುವವರಿಗೆ ಜಾಗ ಹುಡುಕುವ ಕಷ್ಟವಿಲ್ಲ, ತೆಗೆಯುವಾಗ ಮಾತ್ರ ಎಣ್ಣೆ ಹಚ್ಚಿ ಬಿಡಿಸಿ. ಒಯ್ಯುವಾಗ ದಿಂಬಿನ ಚೀಲದಲ್ಲಿ ಕಟ್ಟಿ, ತೂತು ಮಾಡಿದ ಥರ್ಮಾಕೋಲ್ ಡಬ್ಬದಲ್ಲಿ ಬಿಸಿನೀರಿನ ಬಾಟಲಿಯೊಂದಿಗಿಡಿ. ಹೊರಡುವ ಎರಡು ದಿನ ಮೊದಲು ಊಟ ನಿಲ್ಲಿಸಿ.

ಶಸ್ತ್ರಚಿಕಿತ್ಸೆಯಾದರೆ ಹೊಲಿಗೆ ಆರರಿಂದ ಎಂಟು ವಾರ ಇರುತ್ತದೆ. ಅಷ್ಟು ದಿನವೂ ವೃತ್ತಪತ್ರಿಕೆಯ ಹಾಸಿಗೆ, ಚಿಕ್ಕ ಊಟ. ಆ ವಯಸ್ಸಿಗೆ ಅಷ್ಟು ದಿನದ ಚೇತರಿಕೆ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೇಳುವುದು ತಪ್ಪಲ್ಲ.

ಪ್ರಶ್ನೆ: ಕಬ್ಬಿನ ಗದ್ದೆಯಲ್ಲಿ ಬಳಲಿ ಬಿದ್ದಿದ್ದ ಮುದಿ ಕೇರೆಹಾವನ್ನು ಮನೆಗೆ ತಂದು ಸಾಕಬಹುದೇ?
— ಶ್ರೀರಂಗಪಟ್ಟಣ

ಉತ್ತರ: ಬೇಡ. ನಮ್ಮ ನಾಡಿನ ಹಾವುಗಳನ್ನು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ, ಉಪಚಾರದ ಹೆಸರಿನಲ್ಲೂ. ಗಾಳಿಯಾಡುವ ಡಬ್ಬದಿಂದ ಮುಚ್ಚಿ ನೆರಳು ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕೇರೆಯೆಂದು ಖಾತ್ರಿಯಿಲ್ಲದಿದ್ದರೆ ಮುಟ್ಟಲೂ ಬೇಡಿ.

ಪ್ರಶ್ನೆ: ಇನ್ನು ನರಳಿಸುವುದು ಬೇಡ ಎಂದು ಯಾವಾಗ ತೀರ್ಮಾನಿಸಬೇಕು? ಫ್ರೀಜರಿನಲ್ಲಿಟ್ಟರೆ ನಿದ್ದೆಯಲ್ಲೇ ಹೋಗುತ್ತದೆ ಎನ್ನುತ್ತಾರೆ.
— ಗೋಕುಲಂ, ಮೈಸೂರು

ಉತ್ತರ: ಫ್ರೀಜರು ಬೇಡ, ದಯವಿಟ್ಟು. ತಣ್ಣಗಾಗಿ ಅಲುಗಾಡದೆ ಬಿದ್ದಿರುವುದಕ್ಕೂ ನೋವು ಗೊತ್ತಾಗದಿರುವುದಕ್ಕೂ ಸಂಬಂಧವಿಲ್ಲ. ತಲೆ ಕತ್ತರಿಸುವುದೂ ಬೇಡ. ಆಮ್ಲಜನಕ ಇಲ್ಲದೆಯೂ ಹಾವಿನ ಮೆದುಳು ಬಹಳ ಹೊತ್ತು ಕೆಲಸ ಮಾಡುತ್ತದೆ. ವೈದ್ಯರು ಮೊದಲು ಅರಿವಳಿಕೆ ಕೊಟ್ಟು, ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಕೊನೆಯ ಔಷಧಿ ಕೊಡುತ್ತಾರೆ. ನೀವು ಅಲ್ಲೇ ಇರಬಹುದು.

ತೀರ್ಮಾನಕ್ಕೆ ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ತೂಕ, ಎಂದೂ ಅದೇ ತಕ್ಕಡಿಯಲ್ಲಿ. ಅಡುಗೆಯ ತಕ್ಕಡಿ ಬೇಡ, ಸಾಲ್ಮೊನೆಲ್ಲಾ ರೋಗಾಣುವಿನ ಭಯವಿದೆ. ದಿನವೂ ಮೂರು ಸಂಗತಿ ಬರೆಯಿರಿ. ಕೈ ಹತ್ತಿರ ತಂದಾಗ ನಾಲಿಗೆ ಚಾಚಿತೇ, ತಾನಾಗಿ ನೀರು ಕುಡಿಯಿತೇ, ಮೆಲ್ಲಗೆ ಮಗುಚಿದರೆ ಮತ್ತೆ ಹೊಟ್ಟೆಯ ಮೇಲೆ ತಿರುಗಿತೇ. ಆರೋಗ್ಯವಾಗಿರುವ ಹಾವು ತಕ್ಷಣ ತಿರುಗುತ್ತದೆ. ಬೆಚ್ಚಗಿದ್ದೂ ತಿರುಗದೆ ಬೆನ್ನ ಮೇಲೇ ಬಿದ್ದಿದ್ದರೆ, ಚಿಕಿತ್ಸೆ ನಡೆದೂ ಒಂದು ವಾರದಲ್ಲಿ ಈ ಮೂರರಲ್ಲಿ ಎರಡು ಇಲ್ಲವಾದರೆ, ವೈದ್ಯರೊಂದಿಗೆ ಈ ಮಾತು ತೆಗೆಯುವ ಹೊತ್ತು ಬಂದಿದೆ ಎನ್ನುವುದು ನಮ್ಮ ಅಭಿಪ್ರಾಯ. ಕಾಯುವುದೇ ಪ್ರೀತಿ ಎಂದು ತಿಳಿದು ತಿಂಗಳುಗಟ್ಟಲೆ ಒಣಗಲು ಬಿಡಬೇಡಿ. ಹಾವು ಕೂಗುವುದಿಲ್ಲ, ನಮಗೆ ಕೇಳಿಸುವುದಿಲ್ಲ ಅಷ್ಟೆ.

ಮನೆಯಲ್ಲೇ ಸತ್ತಂತೆ ಕಂಡರೆ ಆತುರಪಡಬೇಡಿ. ಉಸಿರು ನಿಂತ ಮೇಲೂ ಹೃದಯ ಬಡಿಯುತ್ತಿರುತ್ತದೆ. ವೈದ್ಯರು ಹೃದಯದ ಬಡಿತ ಹಿಡಿಯುವ ಡಾಪ್ಲರ್ ಯಂತ್ರದಿಂದ ನೋಡಿ ಖಚಿತಪಡಿಸುತ್ತಾರೆ. ಕಾರಣ ತಿಳಿಯಬೇಕೆಂದರೆ ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಊಟದ ಪದಾರ್ಥದಿಂದ ದೂರವಾಗಿ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಮರುದಿನವೇ ಒಯ್ಯಿರಿ. ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗಿ ಪರೀಕ್ಷೆಗೆ ಬರುವುದಿಲ್ಲ. ಬಾಲ್ ಪೈಥಾನ್‌ನಂಥ ನೋಂದಾಯಿತ ಹಾವಾಗಿದ್ದರೆ ನೋಂದಣಿ ಮಾಡಿಸಿದ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲೇ ಸಾವನ್ನೂ ವರದಿ ಮಾಡಬೇಕು. ಅದಕ್ಕೆ ವೈದ್ಯರ ಪತ್ರವನ್ನು ಅಂದೇ ಕೇಳಿ ತೆಗೆದುಕೊಳ್ಳಿ.